ಪರನಾಡಿನ ಶಿಕ್ಷಕ ಮತ್ತು ಅವನ ತಡವಾದ ಸಂಬಳ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಪರದೇಶಿ' ಎಂಬ ಪದಕ್ಕೆ ಬೇರೆ ದೇಶದವನು ಎಂಬುದಕ್ಕಿಂತ ದಿಕ್ಕಿಲ್ಲದವನು, ತಬ್ಬಲಿ ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ತಂದೆ ತಾಯಿಯರನ್ನು ಕಳೆದುಕೊಂಡ ಮಗುವನ್ನು ಕುರಿತು 'ಪರದೇಶಿ ಆತು' ಎನ್ನುತ್ತಾರೆ. ಅದೇ ಪದ ಮರಾಠಿಯಲ್ಲಿ ಅಡ್ಡಹೆಸರಾಗಿದೆ; ಉತ್ತರದಿಂದ ಬಂದು ಮಹಾರಾಷ್ಟ್ರದಲ್ಲಿ ಮನೆಮಾಡಿ ನಿಂತ ಎಷ್ಟೋ ಕುಟುಂಬಗಳು ಅದನ್ನು ಬಾಗಿಲಿನ ಫಲಕದ ಮೇಲೆ ಬರೆಸಿಕೊಂಡಿವೆ. ಗಡಿಯ ಒಂದು ಬದಿಗೆ ಅನಾಥನನ್ನು ಸೂಚಿಸುವ ಮಾತು ಇನ್ನೊಂದು ಬದಿಗೆ ಗೃಹಸ್ಥನ ಹೆಸರು. ತನ್ನ ಊರು ಬಿಟ್ಟು ಬಂದು ಇನ್ನೊಂದು ಊರಿನ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕನು ಈ ಎರಡರಲ್ಲಿ ಯಾವ ಅರ್ಥಕ್ಕೆ ಹತ್ತಿರವಾಗುತ್ತಾನೆ, ಅದನ್ನು ನಿರ್ಧರಿಸುವ ಮಾನಸಿಕ ಕಾರಣಗಳು ಯಾವುವು ಎಂಬುದನ್ನು ಇಲ್ಲಿ ಪರಿಶೀಲಿಸುವುದು ನನ್ನ ಉದ್ದೇಶ.

ವೃತ್ತಿತೃಪ್ತಿ ಎಂಬುದು ಈಗ ಬಹಳ ಸವೆದ ಮಾತು. ನನ್ನಂಥ ಕೇಂದ್ರ ಸರಕಾರದ ನೌಕರರು ತರಬೇತಿ ಶಿಬಿರಗಳಲ್ಲಿ ಅದರ ಬಗೆಗಿನ ಪ್ರಶ್ನಾವಳಿಗಳನ್ನು ತುಂಬಿಕೊಡುತ್ತಲೇ ಇರುತ್ತೇವೆ; 'ಒಪ್ಪುತ್ತೇನೆ', 'ಪೂರ್ಣವಾಗಿ ಒಪ್ಪುತ್ತೇನೆ' ಎಂಬ ಚೌಕಗಳಲ್ಲಿ ಗುರುತು ಹಾಕಿ ಚಹಾಕ್ಕೆ ಏಳುತ್ತೇವೆ. ಧಾರವಾಡದ ಸ್ನಾತಕೋತ್ತರ ತರಗತಿಯಲ್ಲಿ ಓದಿದ ಮನಶ್ಶಾಸ್ತ್ರವು ಕಂದಾಯ ಇಲಾಖೆಯ ಕೆಲಸದಲ್ಲಿ ನನ್ನ ಉಪಯೋಗಕ್ಕೆ ಬಂದದ್ದು ಬಹಳ ಕಡಿಮೆ. ಆದರೆ ಕಾರ್ಖಾನೆಗಳ ಲೆಕ್ಕಪತ್ರಗಳ ತಪಾಸಣೆಗಾಗಿ ಪುಣೆಯಿಂದ ರಾಂಜಣಗಾಂವಕ್ಕೆ ಮೇಲಿಂದ ಮೇಲೆ ಹೋಗಿಬರಬೇಕಾದ ಕಾಲದಲ್ಲಿ ಅಲ್ಲಿ ಕೆಲಸ ಮಾಡುವ ಕನ್ನಡಿಗ ಶಿಕ್ಷಕ ಶಿಕ್ಷಕಿಯರ ಪರಿಚಯವಾಯಿತು. ಅವರೊಡನೆ ಆಡಿದ ಮಾತುಗಳಿಂದ ಹಳೆಯ ಪಾಠಗಳಿಗೆ ಮತ್ತೆ ಜೀವ ಬಂದಂತಾಯಿತು.

ರಾಂಜಣಗಾಂವವನ್ನು ನೋಡದ ಓದುಗರಿಗಾಗಿ ಎರಡು ಮಾತು. ಪುಣೆಯಿಂದ ಅಹಮದನಗರದ (2024ರಿಂದ ಅದು ಅಹಿಲ್ಯಾನಗರ) ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಶಿರೂರು ತಾಲೂಕಿನಲ್ಲಿರುವ ಈ ಊರು ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದು. ಮಹಾಗಣಪತಿಯ ದರ್ಶನಕ್ಕೆ ಬರುವವರು ಬಸ್ಸಿನಿಂದಿಳಿದು, ಕೈಮುಗಿದು, ಪ್ರಸಾದ ಕಟ್ಟಿಸಿಕೊಂಡು ಗಂಟೆಯೊಳಗೆ ಹೊರಡುತ್ತಾರೆ. ಹೆದ್ದಾರಿಯ ಬದಿಗೆ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳದ ವಿಶಾಲವಾದ ವಸಾಹತು. ವರ್ಲ್‌ಪೂಲ್, ಎಲ್‌ಜಿ, ಫಿಯೆಟ್ ಮುಂತಾದ ದೊಡ್ಡ ಕಂಪನಿಗಳು ಅಲ್ಲಿವೆ. ಅವುಗಳ ಸುತ್ತ ಹಬ್ಬಿದ ಬಾಡಿಗೆ ಚಾಳುಗಳಲ್ಲಿ ಮರಾಠವಾಡಾದವರು, ಬಿಹಾರದವರು, ಉತ್ತರ ಪ್ರದೇಶದವರು. ಅವರ ನಡುವೆ ಕಲಬುರಗಿ, ಬೀದರ, ವಿಜಯಪುರ ಕಡೆಯಿಂದ ಬಂದ ನಮ್ಮವರು. ದೇವರನ್ನೂ ಕೆಲವು ಹಳೆಯ ರೈತ ಮನೆತನಗಳನ್ನೂ ಬಿಟ್ಟರೆ ಅಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ ಎಂದು ತೋರುತ್ತದೆ.

ಅಂಥ ಊರಿನ ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುವ, ವಿಜಯಪುರ ಜಿಲ್ಲೆಯಿಂದ ಬಂದ ಶಿಕ್ಷಕಿಯೊಬ್ಬರನ್ನು ನಾನು ಬಲ್ಲೆ. ಸಂಬಳ ಸಾಲದು ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಅವರು ಬಹಳ ಹೊತ್ತು ಮಾತನಾಡಿದ್ದು ಹಾಜರಿ ಪುಸ್ತಕದ ಬಗ್ಗೆ. ಜೂನ್ ತಿಂಗಳಲ್ಲಿ ಬರೆದ ಹೆಸರುಗಳು ಏಪ್ರಿಲ್ ತಿಂಗಳಲ್ಲಿ ಇರುವುದಿಲ್ಲ. ತಂದೆಯ ಗುತ್ತಿಗೆ ಮುಗಿದರೆ ಮಗು ಶಾಲೆ ಬಿಡುತ್ತದೆ. ನಡುವರ್ಷದಲ್ಲಿ ಇನ್ನೊಂದು ಮಗು ಇನ್ನೊಂದು ರಾಜ್ಯದಿಂದ ಬಂದು ಅದೇ ಬೆಂಚಿನಲ್ಲಿ ಕೂಡುತ್ತದೆ. ಭಿನ್ನರಾಶಿ ಅರ್ಥವಾಗದೆ ಅಳುತ್ತಿದ್ದ ಹುಡುಗನಿಗೆ ಮೂರು ತಿಂಗಳು ಬೇರೆಯಾಗಿ ಕೂಡಿಸಿ ಹೇಳಿಕೊಟ್ಟರು; ಅವನಿಗೆ ಅದು ತಿಳಿಯಿತೋ ಇಲ್ಲವೋ ಎಂಬುದನ್ನು ಪರೀಕ್ಷೆಯಲ್ಲಿ ನೋಡುವ ಮೊದಲೇ ಅವನ ಮನೆಯವರು ಚಾಕಣಕ್ಕೆ ಹೋದರು. ಇಂಥವು ವರ್ಷಕ್ಕೆ ಹತ್ತಾರು. ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಅರ್ಧಕ್ಕೆ ಬಿಟ್ಟ ಹೆಣಿಗೆಯನ್ನು ಕುರಿತು ಹೇಳುವಂತೆ ಹೇಳಿದರು.

ಈ ಮಾತನ್ನು ಶಾಸ್ತ್ರದ ಬೆಳಕಿನಲ್ಲಿ ನೋಡಬಹುದು. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ ಒಂದು ಸಿದ್ಧಾಂತವನ್ನು ಮಂಡಿಸಿದರು. ತೃಪ್ತಿಗೂ ಅತೃಪ್ತಿಗೂ ಬೇರೆ ಬೇರೆ ಬೇರುಗಳಿವೆ ಎಂಬುದು ಅದರ ಸಾರ. ಸಂಬಳ, ಮೇಲ್ವಿಚಾರಣೆ, ಸಂಸ್ಥೆಯ ನಿಯಮಗಳು, ಕೆಲಸದ ಪರಿಸರ ಇವು ಕೆಟ್ಟರೆ ಮನುಷ್ಯ ಅತೃಪ್ತನಾಗುತ್ತಾನೆ. ಆದರೆ ಇವು ಸರಿಯಿದ್ದಮಾತ್ರಕ್ಕೆ ತೃಪ್ತನಾಗುವುದಿಲ್ಲ. ತೃಪ್ತಿ ಬರುವುದು ಸಾಧನೆಯಿಂದ, ಮನ್ನಣೆಯಿಂದ, ಕೆಲಸದ ಒಳಗುಣದಿಂದ, ಹೊಣೆಗಾರಿಕೆಯಿಂದ. 1967ರಲ್ಲಿ ಥಾಮಸ್ ಸರ್ಜಿಯೊವಾನಿ ಇದೇ ವಿಧಾನವನ್ನು ಶಾಲಾ ಶಿಕ್ಷಕರಿಗೆ ಅನ್ವಯಿಸಿ ನೋಡಿ, ಸಾಧನೆ ಮತ್ತು ಮನ್ನಣೆಗಳೇ ಅವರ ತೃಪ್ತಿಯ ಮುಖ್ಯ ಮೂಲಗಳೆಂದು ಕಂಡರು. ಈ ವಿಧಾನದ ಮೇಲೆ ಆಕ್ಷೇಪಗಳಿವೆ. ಮನುಷ್ಯನು ಒಳ್ಳೆಯದಾದಾಗ ಅದನ್ನು ತನ್ನ ಸಾಮರ್ಥ್ಯಕ್ಕೂ ಕೆಟ್ಟದಾದಾಗ ಮೇಲಧಿಕಾರಿಗೂ ಆರೋಪಿಸುವುದು ಸಹಜವಾದುದರಿಂದ, ಮಾತನಾಡಿಸಿ ಪಡೆದ ಉತ್ತರಗಳು ಹೀಗೆ ಎರಡಾಗಿ ಒಡೆಯುವುದು ಆಶ್ಚರ್ಯವಲ್ಲ ಎಂದು ವಿಕ್ಟರ್ ವ್ರೂಮ್ 1964ರಲ್ಲೇ ಹೇಳಿದ್ದರು. ಮೂರು ದಶಕಗಳ ಕಚೇರಿಯ ಅನುಭವದಿಂದ ನಾನು ವ್ರೂಮರ ಮಾತಿಗೆ ತಲೆದೂಗುತ್ತೇನೆ.

ನಮ್ಮ ವಿಷಯಕ್ಕೆ ಇವರೆಲ್ಲರಿಗಿಂತ ಹೆಚ್ಚು ಉಪಯುಕ್ತವಾದುದು ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಪ್ರಕಟಿಸಿದ 'ಸ್ಕೂಲ್‌ಟೀಚರ್' ಎಂಬ ಗ್ರಂಥ. ಶಿಕ್ಷಕರಿಗೆ ಹೊರಗಿನ ಪ್ರತಿಫಲಗಳು, ಎಂದರೆ ಸಂಬಳ, ಪದವಿ, ಅಧಿಕಾರ, ಸಾಧಾರಣವಾಗಿಯೇ ಇರುತ್ತವೆ. ಅವರನ್ನು ವೃತ್ತಿಯಲ್ಲಿ ಹಿಡಿದಿಡುವುದು ಮಾನಸಿಕ ಪ್ರತಿಫಲ, ಎಂದರೆ ತಾನು ಈ ಮಗುವನ್ನು ಮುಟ್ಟಿದೆ, ಇದರಲ್ಲಿ ಏನೋ ಬದಲಾಯಿತು ಎಂಬ ಅರಿವು ಎಂದು ಅವರು ವಿವರಿಸಿದರು. ಆ ಅರಿವು ಎಷ್ಟು ಅನಿಶ್ಚಿತವಾದುದು ಎಂಬುದನ್ನೂ ಹೇಳಿದರು. ಬಡಗಿ ಮಾಡಿದ ಕುರ್ಚಿ ಸಂಜೆಗೆ ಕಣ್ಣೆದುರು ನಿಲ್ಲುತ್ತದೆ. ಶಿಕ್ಷಕನ ಕೆಲಸ ಫಲಿಸಿತೋ ಇಲ್ಲವೋ ಎಂಬುದು ಹತ್ತು, ಇಪ್ಪತ್ತು ವರ್ಷಗಳ ಮೇಲೆ, ಜಾತ್ರೆಯಲ್ಲಿ ಯಾರೋ ಬಂದು ಕಾಲು ಮುಟ್ಟಿದಾಗ ತಿಳಿಯುತ್ತದೆ.

ನನ್ನ ಅಭಿಪ್ರಾಯ ಇಲ್ಲಿಂದ ಮುಂದಕ್ಕೆ. ಶಿಕ್ಷಕನ ಸಂಬಳ ಎರಡು ಕಂತುಗಳಲ್ಲಿ ಬರುತ್ತದೆ. ಮೊದಲನೆಯದು ತಿಂಗಳ ಕೊನೆಗೆ ಬ್ಯಾಂಕಿಗೆ. ಎರಡನೆಯದು ಬಹಳ ತಡವಾಗಿ, ಶಿಷ್ಯರ ಮುಖಾಂತರ. ಅದನ್ನು ಪಡೆಯಬೇಕಾದರೆ ಅವನು ಅದೇ ಊರಿನಲ್ಲಿ, ಅದೇ ವಿಳಾಸದಲ್ಲಿ ಸಿಕ್ಕಬೇಕು. ಹಳೆಯ ಕಾಲದ ಹಳ್ಳಿಯ ಮಾಸ್ತರರು ಬಡತನದಲ್ಲಿಯೂ ಗಾಂಭೀರ್ಯದಿಂದ ಬದುಕಿದ್ದರೆ ಅದಕ್ಕೆ ಅವರ ತ್ಯಾಗವೊಂದೇ ಕಾರಣವಲ್ಲ. ಈ ಎರಡನೆಯ ಕಂತು ಅವರಿಗೆ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ತಹಸೀಲ ಕಚೇರಿಯಲ್ಲಿ ನಿತ್ಯವೂ ಸಂದಾಯವಾಗುತ್ತಿತ್ತು. ಊರು ಬಿಟ್ಟ ಶಿಕ್ಷಕ ಮೊದಲ ಕಂತನ್ನು ದೊಡ್ಡದು ಮಾಡಿಕೊಳ್ಳುತ್ತಾನೆ, ಎರಡನೆಯದನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತಾನೆ. 2004ರ ಜನವರಿ 1ರ ನಂತರ ಕೇಂದ್ರ ಸರಕಾರದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲದಾದಾಗ ನಮ್ಮ ಕಚೇರಿಗಳಲ್ಲಿ ಎಷ್ಟು ಚರ್ಚೆಯಾಯಿತು! ಶಿಕ್ಷಕರ ಈ ಇನ್ನೊಂದು ಪಿಂಚಣಿಯನ್ನು ಕುರಿತು ಯಾವ ಸಂಘಟನೆಯೂ ಮನವಿ ಸಲ್ಲಿಸಿದ್ದನ್ನು ನಾನು ಕಂಡಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ಈ ನಷ್ಟ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಭಾರತೀಯ ಶಾಲೆಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಶಿಕ್ಷಕಿಯರು ಸಾಕಷ್ಟು ಜನ. ಅವರ ವಾಸ್ತವ್ಯದ ಪರವಾನಗಿ ಉದ್ಯೋಗದಾತನಿಗೆ ಅಥವಾ ಪತಿಯ ಉದ್ಯೋಗಕ್ಕೆ ಕಟ್ಟಿದ್ದು. ಮಕ್ಕಳದೂ ಹಾಗೆಯೇ, ತಂದೆಯ ಕೆಲಸ ಇರುವವರೆಗೆ. ಕಲಿಸುವವರಿಗೂ ಕಲಿಯುವವರಿಗೂ ಆ ನೆಲದಲ್ಲಿ ನೆಲೆಯಿಲ್ಲ. ಅಂಥ ರಾಷ್ಟ್ರವೊಂದರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ವರ್ಷ ವಿಜ್ಞಾನ ಕಲಿಸಿ, ಈಗ ಪುಣೆಯಲ್ಲಿ ಮಗನ ಮನೆಯಲ್ಲಿರುವ ದಕ್ಷಿಣ ಕನ್ನಡದ ಹಿರಿಯರೊಬ್ಬರು ಒಮ್ಮೆ ತಮ್ಮ ಲೆಕ್ಕವನ್ನು ಹೇಳಿದರು: ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು, ಮಗನನ್ನು ಓದಿಸಿದರು, ಆದರೆ ತಾವು ಕಲಿಸಿದ ಸಾವಿರಾರು ಮಕ್ಕಳಲ್ಲಿ ಒಬ್ಬರನ್ನೂ ರಸ್ತೆಯಲ್ಲಿ ಎದುರಾಗಿ ನೋಡಿದ್ದಿಲ್ಲ. ಮಕ್ಕಳು ಕೆನಡಾದಲ್ಲಿದ್ದಾರೆ, ಕೊಚ್ಚಿಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ತಾವು ಕೊತ್ರೂಡಿನ ನಾಲ್ಕನೆಯ ಮಹಡಿಯಲ್ಲಿದ್ದಾರೆ. ಮೊಬೈಲಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬರುತ್ತದೆ, ಅದು ಬೇರೆ.

1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ಅಮ್ಮಾನಿನ ಮಾರ್ಗವಾಗಿ ವಿಮಾನಗಳಲ್ಲಿ ಕರೆತರಲಾಯಿತು. ಅವರಲ್ಲಿ ಶಿಕ್ಷಕರೂ ಇದ್ದರು. ಒಂದು ಶಾಲೆ, ಅದರ ಪ್ರಯೋಗಾಲಯ, ಅಂಕಪಟ್ಟಿಗಳು, ಮಕ್ಕಳು ಎಲ್ಲವೂ ಒಂದು ವಾರದಲ್ಲಿ ಇಲ್ಲದಾಗುವುದೆಂದರೆ ಏನೆಂಬುದನ್ನು 2020ರ ಮಾರ್ಚ್ ನಂತರ ರಾಂಜಣಗಾಂವದ ಶಿಕ್ಷಕರೂ ಕಂಡರು. ಲಾಕ್‌ಡೌನಿನಲ್ಲಿ ಚಾಳುಗಳು ಬರಿದಾದವು. ಖಾಸಗಿ ಶಾಲೆಗಳಲ್ಲಿ ಸಂಬಳ ಅರ್ಧವಾಯಿತು, ಕೆಲವೆಡೆ ನಿಂತೇ ಹೋಯಿತು. ಅದಕ್ಕೂ ಹಿಂದೆ, 1950 ಮತ್ತು 60ರ ದಶಕಗಳಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಸಾವಿರಾರು ಭಾರತೀಯ ಶಿಕ್ಷಕರು ಆ ದೇಶದ ಹಳ್ಳಿ ಪಟ್ಟಣಗಳಿಗೆ ಹೋಗಿದ್ದರು. ಅವರ ಸ್ಥಿತಿ ಕೊಲ್ಲಿಯವರಿಗಿಂತ ಭಿನ್ನವಾಗಿತ್ತೆಂಬುದು ಗಮನಾರ್ಹ. ಅವರು ಕಲಿಸಿದ್ದು ಆ ನೆಲದ ಮಕ್ಕಳಿಗೆ. ಶಿಕ್ಷಕರು ಹಿಂದಿರುಗಿದರೂ ಶಿಷ್ಯರು ಅಲ್ಲಿಯೇ ಉಳಿದು ದೇಶದ ವೈದ್ಯರು, ಅಧಿಕಾರಿಗಳು ಆದರು. ಇಂದಿಗೂ ಇಥಿಯೋಪಿಯಾದ ಹಿರಿಯ ತಲೆಮಾರಿನವರು ಭಾರತೀಯನನ್ನು ಕಂಡರೆ ತಮ್ಮ ಶಾಲೆಯ ಮಾಸ್ತರರನ್ನು ನೆನೆಯುತ್ತಾರೆ. ಆ ಕಂತು ಸಂದಾಯವಾಗುತ್ತಲೇ ಇದೆ, ಪಡೆಯಬೇಕಾದವರಲ್ಲಿ ಬಹುಮಂದಿ ಇಲ್ಲದಿದ್ದರೂ.

ಎರಡನೆಯ ಮಾನಸಿಕ ಕಾರಣ ಹೋಲಿಕೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರನ್ನು ಕುರಿತು ಸ್ಯಾಮ್ಯುಯೆಲ್ ಸ್ಟೌಫರ್ ಮತ್ತಿತರರು ನಡೆಸಿ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಚಿತ್ರವಾದ ಸಂಗತಿಯೊಂದು ಹೊರಬಿತ್ತು. ಬಡ್ತಿ ಬಹಳ ವಿರಳವಾಗಿದ್ದ ಮಿಲಿಟರಿ ಪೊಲೀಸ್ ಪಡೆಯವರು ಬಡ್ತಿಯ ಪದ್ಧತಿಯ ಬಗ್ಗೆ ಸಮಾಧಾನದಿಂದಿದ್ದರು. ಬಡ್ತಿ ಬೇಗ ಬೇಗ ಸಿಗುತ್ತಿದ್ದ ವಾಯುಪಡೆಯವರು ಅಸಮಾಧಾನಗೊಂಡಿದ್ದರು. ಏಕೆಂದರೆ ಮನುಷ್ಯ ತನ್ನ ಸ್ಥಿತಿಯನ್ನು ಅಳೆಯುವುದು ಪಕ್ಕದವನ ಸ್ಥಿತಿಯಿಂದ. ಪರನಾಡಿನ ಶಿಕ್ಷಕನಿಗೆ ಪಕ್ಕದವರು ಇಬ್ಬರು: ಊರಿನಲ್ಲಿ ಉಳಿದ ಸಹಪಾಠಿ ಮತ್ತು ಬಂದ ಊರಿನ ನೆರೆಯವ. ದುಬಾಯಿಯ ಭಾರತೀಯ ಶಾಲೆಯ ಶಿಕ್ಷಕಿ ಪುತ್ತೂರಿನ ಗೆಳತಿಯನ್ನು ನೆನೆದಾಗ ಸಂತೋಷಪಡುತ್ತಾಳೆ, ರಸ್ತೆಯಾಚೆಯ ಬ್ರಿಟಿಷ್ ಶಾಲೆಯ ಶಿಕ್ಷಕಿಯ ಸಂಬಳ ಕೇಳಿದಾಗ ಕುಗ್ಗುತ್ತಾಳೆ. ರಾಂಜಣಗಾಂವದಲ್ಲಿ ಈ ಎರಡನೆಯ ಅಳತೆಗೋಲು ಇನ್ನೂ ಕ್ರೂರ. ಅಲ್ಲಿನ ಖಾಸಗಿ ಶಾಲೆಯಲ್ಲಿ ಎಂ.ಎಸ್‌ಸಿ., ಬಿ.ಎಡ್. ಆದವರಿಗೆ ಸಿಗುವುದು, ಎದುರಿನ ಕಾರ್ಖಾನೆಯಲ್ಲಿ ಐ.ಟಿ.ಐ. ಮುಗಿಸಿ ಖಾಯಂ ಆದ ಕೆಲಸಗಾರನಿಗೆ ಸಿಗುವುದಕ್ಕಿಂತ ಕಡಿಮೆ. ಕೆಲಸಗಾರನಿಗೆ ಹೆಚ್ಚು ಸಿಗಬಾರದೆಂದು ಯಾರೂ ಹೇಳಲಾರರು. ಆದರೆ ಅವನ ಮಗ ತರಗತಿಯಲ್ಲಿ ಕುಳಿತಿರುತ್ತಾನೆ, ಆ ವ್ಯತ್ಯಾಸ ಅವನಿಗೂ ಗೊತ್ತಿರುತ್ತದೆ, ಶಿಕ್ಷಕಿಗೂ ಗೊತ್ತಿರುತ್ತದೆ.

ಈ ದೃಷ್ಟಿಯಿಂದ ಕೇಂದ್ರೀಯ ವಿದ್ಯಾಲಯಗಳ ಶಿಕ್ಷಕರನ್ನು ನೋಡುವುದು ಬೋಧಪ್ರದ. ವರ್ಗಾವಣೆಗೆ ಒಳಪಡುವ ಕೇಂದ್ರ ನೌಕರರ ಮಕ್ಕಳಿಗಾಗಿ 1963ರಲ್ಲಿ ಆರಂಭವಾದ ಈ ಶಾಲೆಗಳು ಕಾಠ್ಮಂಡು, ಮಾಸ್ಕೋ, ತೆಹರಾನ್ ನಗರಗಳಲ್ಲಿಯೂ ಇವೆ. ನಮ್ಮ ಧಾರವಾಡ ಕಡೆಯ ಶಿಕ್ಷಕನನ್ನು ಅಸ್ಸಾಮಿಗೆ ಹಾಕಿದರೆ ಅವನು ಗೊಣಗುತ್ತಾನೆ, ಅರ್ಜಿ ಬರೆಯುತ್ತಾನೆ, ನಂತರ ಹೊಂದಿಕೊಳ್ಳುತ್ತಾನೆ. ಅವನ ಸಂಬಳದ ಶ್ರೇಣಿ ದೇಶದಾದ್ಯಂತ ಒಂದೇ ಆದುದರಿಂದ ಪಕ್ಕದವನ ಕಾಟವಿಲ್ಲ. ಎಲ್ಲಿ ಹೋದರೂ ಶಾಲೆಯ ಗಂಟೆ, ಪಠ್ಯ, ಸಹೋದ್ಯೋಗಿಗಳ ಮಾತು ಒಂದೇ ಬಗೆ. ಮತ್ತು ಹಿಂದಿರುಗುವ ದಿನ ಬರುತ್ತದೆಂಬ ನಂಬಿಕೆ ಇರುತ್ತದೆ. ದೂರ ಅದೇ ಇದ್ದರೂ ಅನಿಶ್ಚಯ ಕಡಿಮೆ. ಮನುಷ್ಯನನ್ನು ದೂರಕ್ಕಿಂತ ಅನಿಶ್ಚಯವೇ ಹೆಚ್ಚು ದಣಿಸುತ್ತದೆ ಎಂಬುದನ್ನು ನನ್ನ ಸ್ವಂತ ವರ್ಗಾವಣೆಗಳಿಂದಲೂ ಹೇಳಬಲ್ಲೆ.

ಇನ್ನು ಭಾಷೆ. ತಾನು ಹೇಳುವುದು ಮಗುವಿಗೆ ತಲುಪುತ್ತಿದೆ ಎಂಬ ಭರವಸೆಯೇ ಶಿಕ್ಷಕನ ಆತ್ಮವಿಶ್ವಾಸದ ತಳಪಾಯ. ಪರಭಾಷೆಯ ನೆಲದಲ್ಲಿ ಅದು ಅಲುಗಾಡುತ್ತದೆ. ನಾನು ಮೊದಲು ಹೇಳಿದ ಗಣಿತ ಶಿಕ್ಷಕಿ ಪಾಠ ಹೇಳುವುದು ಇಂಗ್ಲಿಷಿನಲ್ಲಿ, ಗದರಿಸುವುದು ಮರಾಠಿಯಲ್ಲಿ, ಬಿಹಾರದ ಮಕ್ಕಳನ್ನು ಸಮಾಧಾನ ಮಾಡುವುದು ಹಿಂದಿಯಲ್ಲಿ. ಕನ್ನಡ ಅವರ ಬಾಯಿಂದ ಬರುವುದು ಲೆಕ್ಕವನ್ನು ತಮಗೆ ತಾವೇ ಮನಸ್ಸಿನಲ್ಲಿ ಮಾಡಿಕೊಳ್ಳುವಾಗ ಮಾತ್ರ. ನಗೆಚಾಟಿಕೆಗೆ ಮೂರರಲ್ಲಿ ಒಂದು ಭಾಷೆಯೂ ಒದಗುವುದಿಲ್ಲ ಎಂದು ಅವರು ಹೇಳಿದ್ದು ನನಗೆ ಮುಖ್ಯವಾಗಿ ತೋರಿತು. ತರಗತಿಯಲ್ಲಿ ನಗಿಸಲಾರದ ಶಿಕ್ಷಕನಿಗೆ ದಿನ ಬಹಳ ಉದ್ದ.

ಇದೇ ವಿಷಯದ ಇನ್ನೊಂದು ಮುಖವನ್ನು ನಾವು ಕನ್ನಡಿಗರು ಸಾಮಾನ್ಯವಾಗಿ ನೋಡುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ ಪ್ರಕರಣಗಳು ಮೇಲಿಂದ ಮೇಲೆ ನಡೆದಿವೆ. ಪಾಲಕರು, ಮಕ್ಕಳು ಪ್ರತಿಭಟಿಸಿದ್ದಾರೆ, ಮತ್ತು ಅದು ಸರ್ವಥಾ ನ್ಯಾಯವಾದುದು. ಸಂವಿಧಾನಕ್ಕೆ 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆ ಮಾತಿನ ಆಶಯ ಪ್ರೌಢಶಾಲೆಯ ಹೊಸ್ತಿಲಲ್ಲಿ ನಿಂತುಬಿಡಬೇಕಾದುದಲ್ಲ. ಆದರೆ ಆ ತರಗತಿಯೊಳಗೆ ನಿಂತ ಮಲಯಾಳಿ ಶಿಕ್ಷಕನ ಮನಸ್ಸನ್ನೂ ಒಮ್ಮೆ ಊಹಿಸಬೇಕು. ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ಬಂದಿದ್ದಾನೆ, ತನ್ನ ವಿಷಯ ಚೆನ್ನಾಗಿ ಬಲ್ಲ. ಎದುರಿಗಿರುವ ನಲವತ್ತು ಮುಖಗಳಲ್ಲಿ ಒಂದರಲ್ಲಿಯೂ ತಿಳಿದ ಬೆಳಕಿಲ್ಲ. ಅವನು ಯಾವ ಆದೇಶದಿಂದ ಅಲ್ಲಿಗೆ ಬಂದನೋ ಆ ಆದೇಶ ಅವನ ವೃತ್ತಿಯ ಸಂತೋಷವನ್ನು ಮೊದಲ ದಿನವೇ ಕಿತ್ತುಕೊಂಡಿದೆ. ನಮ್ಮ ಹೋರಾಟದ ಭಾಷಣಗಳಲ್ಲಿ ಅವನನ್ನು ಶತ್ರುವೆಂದು ಕರೆಯುವುದು ಸುಲಭ. ಮಕ್ಕಳ ಜೊತೆಗೆ ಅವನೂ ವಂಚಿತನೇ.

ಊರು ಬಿಡದೆಯೇ ಪರನಾಡಿನವರಾದ ಶಿಕ್ಷಕರೂ ಉಂಟು. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕಾಸರಗೋಡು ತಾಲೂಕಿನ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದರು. 1956ರ ನವೆಂಬರ್ 1ರಂದು ಅವರು ಎಲ್ಲಿಗೂ ಹೋಗಲಿಲ್ಲ. ರಾಜ್ಯದ ಗಡಿ ಅವರನ್ನು ದಾಟಿ ಹೋಯಿತು. ಬೆಳಗಾಗುವಷ್ಟರಲ್ಲಿ ಅದೇ ಶಾಲೆ, ಅದೇ ಮಕ್ಕಳು, ಅದೇ ಕರಿಹಲಗೆ ಇನ್ನೊಂದು ರಾಜ್ಯಕ್ಕೆ ಸೇರಿದವು. ಅದರ ವಿರುದ್ಧ ಅವರು ನೂರು ವರ್ಷದ ಬದುಕಿನ ಕೊನೆಯವರೆಗೆ ನೋವಿನಿಂದ ಹೋರಾಡಿದರು. ಆದರೆ ಅವರ ಶಿಕ್ಷಕವೃತ್ತಿಯ ತೃಪ್ತಿಗೆ ಕುಂದು ಬಂದಂತೆ ಕಾಣುವುದಿಲ್ಲ. ಕೇರಳದಲ್ಲಿದ್ದುಕೊಂಡೇ 1969ರಲ್ಲಿ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿಯನ್ನು ಪಡೆದರು. ಕಾರಣ ನನಗೆ ತೋರುವಂತೆ ಇಷ್ಟೇ: ರಾಜ್ಯ ಬದಲಾದರೂ ಶಿಷ್ಯರು ಬದಲಾಗಲಿಲ್ಲ. ಬದಿಯಡ್ಕದ ರಸ್ತೆಯಲ್ಲಿ ಅವರಿಗೆ ಎದುರಾಗುತ್ತಿದ್ದವರು ಅವರು ಅಕ್ಷರ ತಿದ್ದಿಸಿದವರೇ. ರಾಜಕೀಯವಾದ ಪರದೇಶಿತನಕ್ಕೂ ವೃತ್ತಿಯ ಪರದೇಶಿತನಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು.

ನಮ್ಮ ಮಹಾರಾಷ್ಟ್ರದಲ್ಲಿಯೂ ಹಿರಿಯ ನಿದರ್ಶನಗಳಿವೆ. ಬೇಂದ್ರೆಯವರು ಧಾರವಾಡದಲ್ಲಿ ನೌಕರಿಯಿಲ್ಲದೆ ಬಹಳ ವರ್ಷ ಕಳೆದು, 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದು 1956ರವರೆಗೆ ಇದ್ದರು. ರಂ. ಶ್ರೀ. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದಶಕಗಳ ಕಾಲ ಕನ್ನಡ ಕಲಿಸಿದರು. 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಅವರ 'ಕನ್ನಡ ಸಾಹಿತ್ಯ ಚರಿತ್ರೆ'ಯನ್ನು ಅವರು ರಚಿಸಿದ್ದು ಆ ಕಾಲೇಜಿನ ಅಧ್ಯಾಪಕರಾಗಿದ್ದಾಗಲೇ. ಇವರು ಪರಸ್ಥಳದಲ್ಲಿ ತೃಪ್ತರಾಗಿದ್ದರೆ ಅದಕ್ಕೆ ಪ್ರತಿಭೆಯೊಂದನ್ನೇ ಕಾರಣವಾಗಿ ಹೇಳಿ ನಾವು ಕೈತೊಳೆದುಕೊಳ್ಳಬಾರದು. ಸೊಲ್ಲಾಪುರ, ಸಾಂಗಲಿಗಳು ಅಂದು ಎರಡು ಭಾಷೆಗಳ ಊರುಗಳು. ಜತ್ತ, ಅಕ್ಕಲಕೋಟೆ, ವಿಜಯಪುರಗಳಿಂದ ಕನ್ನಡದ ಹುಡುಗರು ಓದಲು ಅಲ್ಲಿಗೇ ಬರುತ್ತಿದ್ದರು. ಕೇಳುವ ಕಿವಿಗಳು ಇದ್ದವು. ಬೇಂದ್ರೆಯವರ ಮನೆಮಾತು ಮರಾಠಿ ಎಂಬುದೂ ಅಲ್ಲಿ ಅವರಿಗೆ ಅನುಕೂಲವಾಗಿದ್ದಿರಬೇಕು. ಇಂದು ಗಡಿಯ ಕನ್ನಡ ಶಾಲೆಯ ಶಿಕ್ಷಕನು ಪ್ರತಿ ಜೂನ್‌ನಲ್ಲಿ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆಗೆ ಹೋಗುತ್ತಾನೆ. ತನ್ನ ಹುದ್ದೆ ಉಳಿಯಬೇಕಾದರೆ ಪಟ್ಟಿಯಲ್ಲಿ ಇಷ್ಟು ಹೆಸರು ಬೇಕು. ಪಾಲಕರು ಕನ್ನಡದಲ್ಲಿಯೇ ಮಾತನಾಡಿ ಚಹಾ ಕೊಟ್ಟು ಮಗುವನ್ನು ಬೇರೆ ಮಾಧ್ಯಮದ ಶಾಲೆಗೆ ಹಾಕುತ್ತಾರೆ. ಅವರನ್ನು ದೂರುವುದು ಕಷ್ಟ. ನೌಕರಿಯ ದಾರಿ ಎಲ್ಲಿದೆಯೋ ಅಲ್ಲಿಗೆ ಅವರು ಹೋಗುತ್ತಾರೆ. ಆದರೆ ಭಿಕ್ಷೆಗೆ ಹೊರಟವನಂತೆ ವರ್ಷಾರಂಭ ಮಾಡುವ ಶಿಕ್ಷಕನಿಂದ ಉತ್ಸಾಹದ ಪಾಠವನ್ನು ನಿರೀಕ್ಷಿಸುವುದು ಹೇಗೆ?

ಇದಕ್ಕೆ ವಿರುದ್ಧವಾದ ಚಿತ್ರ ಮುಂಬಯಿಯ ಕನ್ನಡ ರಾತ್ರಿಶಾಲೆಗಳದು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಎಸೋಸಿಯೇಶನ್ ಮುಂತಾದ ಸಂಸ್ಥೆಗಳು ನಡೆಸಿದ ಆ ಶಾಲೆಗಳಲ್ಲಿ ಹಗಲಲ್ಲಿ ಬ್ಯಾಂಕು, ಕಚೇರಿಗಳಲ್ಲಿ ದುಡಿದವರು ರಾತ್ರಿ ಪಾಠ ಹೇಳುತ್ತಿದ್ದರು. ಹಗಲಲ್ಲಿ ಹೊಟೇಲುಗಳಲ್ಲಿ ಲೋಟ ತೊಳೆದವರು ರಾತ್ರಿ ಕಲಿಯುತ್ತಿದ್ದರು. ಗೌರವಧನ ಹೆಸರಿಗೆ ಮಾತ್ರ. ಹರ್ಜ್‌ಬರ್ಗ್ ಹೇಳಿದ ಅತೃಪ್ತಿಯ ಕಾರಣಗಳೆಲ್ಲ ಅಲ್ಲಿ ಇದ್ದವು: ಕಡಿಮೆ ಹಣ, ಬಾಡಿಗೆಯ ಕೋಣೆ, ಮಂದ ದೀಪ, ನಿದ್ದೆಗಣ್ಣು. ಆದರೂ ಆ ಶಿಕ್ಷಕರು ತಮ್ಮ ಹಗಲಿನ ನೌಕರಿಯನ್ನು ಕುರಿತು ಎಂದೂ ಆಡದಷ್ಟು ಅಭಿಮಾನದಿಂದ ರಾತ್ರಿಯ ಕೆಲಸವನ್ನು ಕುರಿತು ಮಾತನಾಡುವುದನ್ನು ಮುಂಬಯಿಯ ಹಿರಿಯರಿಂದ ಕೇಳಿದ್ದೇನೆ. ಕಲಿತ ಹುಡುಗ ವಕೀಲನಾಗಿಯೋ ಹೊಟೇಲಿನ ಮಾಲಿಕನಾಗಿಯೋ ಅದೇ ನಗರದಲ್ಲಿ, ಅದೇ ಸಂಘದ ವಾರ್ಷಿಕೋತ್ಸವದಲ್ಲಿ ಮತ್ತೆ ಎದುರಾಗುತ್ತಿದ್ದನು. ಊರಿನಿಂದ ಸಾವಿರ ಕಿಲೋಮೀಟರ್ ದೂರದಲ್ಲಿ ಎರಡನೆಯ ಕಂತು ಸಂದಾಯವಾಗುತ್ತಿತ್ತು, ಏಕೆಂದರೆ ಅದನ್ನು ಸಂದಾಯ ಮಾಡಲು ಒಂದು ಸಮುದಾಯ ಅಲ್ಲಿತ್ತು.

ಆದುದರಿಂದ ಹೊರನಾಡಿನ ಕನ್ನಡ ಸಂಘಗಳು ಈ ವಿಷಯದಲ್ಲಿ ಪ್ರೇಕ್ಷಕರಾಗಿ ಉಳಿಯುವಂತಿಲ್ಲ ಎಂಬುದು ನನ್ನ ವಾದ. ನಮ್ಮ ವೇದಿಕೆಗಳ ಮೇಲೆ ಉದ್ಯಮಿಗಳಿಗೆ, ಚಿತ್ರನಟರಿಗೆ ಶಾಲು ಹೊದಿಸುತ್ತೇವೆ. ಶಿಕ್ಷಕರ ದಿನದಂದು ಇಬ್ಬರು ನಿವೃತ್ತರನ್ನು ಕರೆದು ಹಣ್ಣಿನ ಬುಟ್ಟಿ ಕೊಡುತ್ತೇವೆ. ಶಾಲು ಮನ್ನಣೆಯಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಗಣಿತದ ಶಿಕ್ಷಕಿಗೆ ಬೇಕಾದುದು ಆ ಭಿನ್ನರಾಶಿಯ ಹುಡುಗ ಏನಾದ ಎಂಬ ಸುದ್ದಿ. ಅದನ್ನು ಅವರಿಗೆ ತಂದುಕೊಡುವುದು ಯಾವ ಇಲಾಖೆಯ ಕೆಲಸವೂ ಅಲ್ಲ.

ಪುಣೆಯ ಸಂಘಗಳ ಮುಂದೆ ಎರಡು ಸೂಚನೆಗಳನ್ನು ಇಡಬಯಸುತ್ತೇನೆ. ರಾಂಜಣಗಾಂವ, ಸಣಸವಾಡಿ, ಶಿಕ್ರಾಪುರಗಳ ಸುತ್ತ ದುಡಿಯುವ ನಮ್ಮವರ ಮಕ್ಕಳಿಗಾಗಿ ಭಾನುವಾರ ಎರಡು ಗಂಟೆಗಳ ಕನ್ನಡ ತರಗತಿಯೊಂದನ್ನು ಆರಂಭಿಸಬೇಕು. ಕಲಿಸುವವರು ಅಲ್ಲಿಯೇ ಇದ್ದಾರೆ. ಅವರಿಗೆ ಬಸ್ಸಿನ ಖರ್ಚು ಮತ್ತು ಮರ್ಯಾದೆಗೆ ತಕ್ಕ ಸಂಭಾವನೆಯನ್ನು ತಿಂಗಳು ತಪ್ಪದೆ ಕೊಡಬೇಕು. ಸೇವೆಯೆಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳಬಾರದು. ವಾರದಲ್ಲಿ ಎರಡು ಗಂಟೆಯಾದರೂ ತಮ್ಮ ಭಾಷೆಯಲ್ಲಿ ನಗಿಸುತ್ತ ಕಲಿಸುವ ಅವಕಾಶ ಆ ಶಿಕ್ಷಕಿಯರಿಗೆ ಏನು ಮಾಡಬಲ್ಲದು ಎಂಬುದನ್ನು ಒಂದು ವರ್ಷ ನಡೆಸಿ ನೋಡಬಹುದು.

ಎರಡನೆಯದು ಇನ್ನೂ ಅಗ್ಗ. ಹೀಗೆ ಕಲಿತ ಪ್ರತಿಯೊಂದು ಮಗುವಿನ ಹೆಸರು, ಊರಿನ ವಿಳಾಸ, ಕಲಿಸಿದವರ ಹೆಸರು ಇವನ್ನು ಬರೆದಿಡುವ ಒಂದು ವಹಿ. ಮಗು ಚಾಕಣಕ್ಕೆ ಹೋಗಲಿ, ಅಫಜಲಪುರಕ್ಕೆ ಹಿಂದಿರುಗಲಿ, ವರ್ಷಕ್ಕೊಮ್ಮೆ ಸಂಘದಿಂದ ಯಾರಾದರೂ ದೂರವಾಣಿಯಲ್ಲಿ ವಿಚಾರಿಸಿ ಬಂದ ಸುದ್ದಿಯನ್ನು ಕಲಿಸಿದವರಿಗೆ ತಿಳಿಸಬೇಕು. ಕೊಲ್ಲಿಯಿಂದ ಹಿಂದಿರುಗಿ ಪುಣೆಯಲ್ಲಿ ನೆಲೆಸಿದ ನಿವೃತ್ತ ಶಿಕ್ಷಕರಿಗೆ ಈ ಕೆಲಸವನ್ನು ವಹಿಸಿದರೆ ಅವರು ಸಂತೋಷದಿಂದ ಮಾಡುತ್ತಾರೆ. ಒಬ್ಬರು ಈಗಾಗಲೇ ಒಪ್ಪಿದ್ದಾರೆ. ವಹಿಯನ್ನು ಎಲ್ಲಿಡಬೇಕು, ದೂರವಾಣಿಯ ವೆಚ್ಚವನ್ನು ಯಾವ ಖಾತೆಗೆ ಹಾಕಬೇಕು ಎಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಕೋರುತ್ತೇನೆ.